ಸಂಪಿನೊಳಗೆ ಇಳಿಯುವ ಮೊದಲು: ಅಪಾರ್ಟ್‌ಮೆಂಟಿನ ನೀರಿನ ತೊಟ್ಟಿ ತೊಳೆಯುವ ಕ್ರಮ

ಮೈಸೂರಿನ ಕುವೆಂಪುನಗರ, ಬೋಗಾದಿ, ವಿಜಯನಗರದ ಕಡೆ ಹತ್ತು ಹದಿನೈದು ಮನೆಗಳ ಸಣ್ಣ ಅಪಾರ್ಟ್‌ಮೆಂಟುಗಳು ಸಾಕಷ್ಟಿವೆ. ಇಲ್ಲಿ ಲಿಫ್ಟು ನಿಂತರೆ ಅರ್ಧ ಗಂಟೆಯಲ್ಲಿ ಎಲ್ಲರಿಗೂ ಗೊತ್ತಾಗುತ್ತದೆ. ಸಂಪಿನ ನೆನಪಾಗುವುದು ಮಾತ್ರ ನಲ್ಲಿಯಲ್ಲಿ ಗಸಿ ಬಂದಾಗ, ಇಲ್ಲವೇ ಯಾರದೋ ಮನೆಯ ಮಗುವಿಗೆ ಡೆಂಗಿ ಬಂದಾಗ. ಆಗ ವಾಚ್‌ಮನ್‌ನನ್ನು ಕರೆದು "ಒಂದು ಗಂಟೆ ಕೆಲಸ, ಇಳಿದ್ಬಿಡಪ್ಪ" ಅನ್ನುತ್ತಾರೆ. ಆ ಒಂದು ಮಾತನ್ನು ಬಿಟ್ಟರೆ ಇದರಲ್ಲಿ ಕಷ್ಟದ್ದೇನೂ ಇಲ್ಲ.

ವರ್ಷಕ್ಕೆ ಎರಡು ಸಲ ತೊಳೆಸಿದರೆ ಸಾಕು: ಬೇಸಿಗೆಗೆ ಮೊದಲೊಮ್ಮೆ, ಮಳೆಗಾಲ ಕಳೆದ ಮೇಲೊಮ್ಮೆ. ಭಾನುವಾರ ಬೇಡ. ಎಲ್ಲರೂ ಮನೆಯಲ್ಲಿರುತ್ತಾರೆಂದು ಅದನ್ನೇ ಆರಿಸುತ್ತಾರೆ, ಆದರೆ ಎಲ್ಲರ ಬಟ್ಟೆ ಒಗೆತ, ತಲೆಸ್ನಾನವೂ ಅವತ್ತೇ. ವಾರದ ನಡುವೆ, ಬೆಳಿಗ್ಗೆ ಹತ್ತರ ಮೇಲೆ ಶುರುಮಾಡಿ. ನಿಮ್ಮ ಬೀದಿಗೆ ನಲ್ಲಿ ನೀರು ಯಾವತ್ತು ಬರುತ್ತದೆ ಎಂದು ನೀರು ಬಿಡುವವರನ್ನು ಕೇಳಿ, ಅದರ ಹಿಂದಿನ ದಿನ ಇಟ್ಟುಕೊಂಡರೆ ಟ್ಯಾಂಕರ್ ಖರ್ಚು ಉಳಿಯುತ್ತದೆ. ಗ್ರೂಪಿನಲ್ಲಿ ಸಂದೇಶ ಹಾಕಿದರೆ ಹೆಬ್ಬೆರಳು ಎಲ್ಲರೂ ಎತ್ತುತ್ತಾರೆ, ಬಕೆಟ್ ತುಂಬಿಸಿಕೊಳ್ಳುವವರು ಕಡಿಮೆ. ಲಿಫ್ಟಿನ ಬಾಗಿಲಿಗೂ ಒಂದು ಚೀಟಿ ಅಂಟಿಸಿ.

ಎರಡು ದಿನ ಮೊದಲೇ ಸಂಪಿಗೆ ನೀರು ಬಿಡುವುದನ್ನು ನಿಲ್ಲಿಸಿ, ಇರುವುದನ್ನು ಬಳಸಿ ಖಾಲಿ ಮಾಡಿ. ಮೋಟಾರಿನ ಪೈಪಿನ ತುದಿಯ ಫುಟ್ ವಾಲ್ವ್‌ಗೆ ಸಿಗದೆ ಉಳಿಯುವ ಒಂದಡಿ ನೀರನ್ನು ಪಂಪಿನಿಂದ ಎತ್ತಿ ಪಾರ್ಕಿಂಗ್ ತೊಳೆಯಲು, ಗಿಡಗಳಿಗೆ ಬಿಡಬಹುದು. ಪೆಟ್ರೋಲ್ ಅಥವಾ ಡೀಸೆಲ್ ಪಂಪನ್ನು ಸಂಪಿನೊಳಗಂತೂ ಬೇಡ, ಬಾಯಿಯ ಹತ್ತಿರವೂ ಇಡಬೇಡಿ. ಅದು ಉಗುಳುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ, ಕೆಳಗಿದ್ದವರು ಎಚ್ಚರ ತಪ್ಪುವವರೆಗೂ ಗೊತ್ತಾಗುವುದಿಲ್ಲ.

ಮುಖ್ಯ ಮಾತು ಇಳಿಯುವುದರದು. ಮುಚ್ಚಿಟ್ಟ ತೊಟ್ಟಿಯಲ್ಲಿ ಕೊಳೆತ ಗಸಿ ಆಮ್ಲಜನಕವನ್ನು ತಿಂದುಹಾಕಿರುತ್ತದೆ. ಹೊರಗಿನ ಗಾಳಿಯಲ್ಲಿ ಅದು ಶೇ 20.9ರಷ್ಟಿರುತ್ತದೆ, ಶೇ 19.5ಕ್ಕಿಂತ ಕಡಿಮೆಯಾದ ಜಾಗವನ್ನು ಅಪಾಯಕಾರಿ ಎಂದೇ ಲೆಕ್ಕ ಹಾಕುತ್ತಾರೆ. ಮೇಣದ ಬತ್ತಿ ಇಳಿಬಿಟ್ಟು ನೋಡುವ ಹಳೆಯ ಪದ್ಧತಿಯನ್ನು ನಂಬಬೇಡಿ. ದೀಪ ಉರಿಯುತ್ತಿರುವಾಗಲೂ ವಿಷಾನಿಲ ಇರಬಹುದು, ಉರಿಯುವ ಅನಿಲವಿದ್ದರೆ ಆ ದೀಪವೇ ಕಿಡಿಯಾದೀತು. ಇಂಥ ಕೆಲಸಕ್ಕೆಂದೇ ಇರುವವರನ್ನು ಕರೆಸಿ. ತೊಟ್ಟಿಯೊಳಗಿನ ಗಾಳಿ ಅಳೆಯುವ ಗ್ಯಾಸ್ ಮೀಟರ್ ಇದೆಯೇ, ಎದೆ ಭುಜ ಸೇರಿಸಿ ಮೈಗೆ ಕಟ್ಟುವ ಬೆಲ್ಟು ಹಗ್ಗ ಇದೆಯೇ ಎಂದು ಫೋನಿನಲ್ಲೇ ಕೇಳಿ. ಇಲ್ಲವೆಂದರೆ ರೇಟು ಎಷ್ಟೇ ಕಡಿಮೆಯಿದ್ದರೂ ಬೇಡ. ಬಂದ ದಿನ ಎಲ್ಲ ಮುಚ್ಚಳ ತೆಗೆದು, ಬ್ಲೋವರ್‌ನಿಂದ ಹೊರಗಿನ ಗಾಳಿಯನ್ನು ಒಳಗೆ ನೂಕಿಸಿ. ಮೋಟಾರಿನ ಮೈನ್ ಸ್ವಿಚ್ ಆಫ್ ಮಾಡಿ ಫ್ಯೂಸ್ ಕಿತ್ತಿಡಿ. ಒಬ್ಬರು ಇಳಿದರೆ ಇನ್ನೊಬ್ಬರು ಹಗ್ಗ ಹಿಡಿದು ಮೇಲೇ ಇರಬೇಕು, ಕಾಫಿಗೂ ಹೋಗುವಂತಿಲ್ಲ. ಒಳಗಿದ್ದವರು ಕುಸಿದರೆ ಹಗ್ಗದಿಂದ ಎಳೆಯಿರಿ, 112ಕ್ಕೆ ಕರೆ ಮಾಡಿ. ಎತ್ತಲು ಹೋಗಿ ತಾವೂ ಧುಮುಕಿದವರು ಒಬ್ಬರ ಹಿಂದೊಬ್ಬರು ಸತ್ತ ಸುದ್ದಿಗಳನ್ನು ಓದಿಯೇ ಇರುತ್ತೀರಿ. ಇನ್ನು ಟಾಯ್ಲೆಟ್ ಗುಂಡಿ, ಒಳಚರಂಡಿಯ ಮಾತೇ ಬೇರೆ. ಸುರಕ್ಷತಾ ಸಲಕರಣೆಗಳಿಲ್ಲದೆ ಅದಕ್ಕೆ ಮನುಷ್ಯರನ್ನು ಇಳಿಸುವುದು 2013ರ ಮಲ ಹೊರುವ ಪದ್ಧತಿ ನಿಷೇಧ ಕಾಯ್ದೆಯ ಪ್ರಕಾರ ಅಪರಾಧ.

ತಳದ ಹೂಳು ತೆಗೆದ ಮೇಲೆ ಗೋಡೆಯನ್ನು ನೈಲಾನ್ ಬ್ರಷ್ಷಿನಿಂದ ಉಜ್ಜಬೇಕು. ಬರೀ ಪೈಪು ಹಿಡಿದು ನೀರು ಹಾಯಿಸಿದರೆ ಸಾಲದು. ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯನ್ನು ನೀರಿನ ಮಟ್ಟಕ್ಕೆ ಸ್ವಲ್ಪ ಮೇಲೆ ಗೋಡೆಗೇ ಅಂಟಿಸುತ್ತದೆ. ಅವು ಒಣಗಿಕೊಂಡು ತಿಂಗಳುಗಟ್ಟಲೆ ಇದ್ದು, ನೀರು ಮುಟ್ಟಿದೊಡನೆ ಒಡೆಯುತ್ತವೆ. ಬೋರ್ ನೀರಿನ ಬಿಳಿ ಉಪ್ಪಿನ ಪದರ ಬಿಡಿಸಲು ಆಸಿಡ್ ಸುರಿಯುವವರಿದ್ದಾರೆ, ಬಿಡಬೇಡಿ. ಆಸಿಡ್‌ಗೆ ಬ್ಲೀಚಿಂಗ್ ಪೌಡರ್ ಸೇರಿದರೆ ಏಳುವುದು ಕ್ಲೋರಿನ್ ವಿಷಗಾಳಿ.

ಈಗ ಔಷಧಿ. ಇಪ್ಪತ್ತು ಲೀಟರ್ ಬಕೆಟ್ಟಿಗೆ ಸುಮಾರು 15 ಗ್ರಾಂ ಹೊಸ ಬ್ಲೀಚಿಂಗ್ ಪೌಡರ್ ಕದಡಿ, ಸುಣ್ಣ ತಳಕ್ಕೆ ಕೂತ ಮೇಲೆ ತಿಳಿಯನ್ನಷ್ಟೇ ಬಗ್ಗಿಸಿಕೊಳ್ಳಿ. ಒಳಗಿದ್ದವರು ಮೇಲೆ ಬಂದ ನಂತರ ಗಿಡಗಳಿಗೆ ಹೊಡೆಯುವ ಹೊಸ ಸ್ಪ್ರೇಯರ್‌ನಿಂದ ಸಂಪಿನ ಬಾಯಿಯಿಂದಲೇ ಗೋಡೆ ನೆನೆಯುವಂತೆ ಹೊಡೆಯಿರಿ. ಅರ್ಧ ಗಂಟೆ ಬಿಟ್ಟು ನೀರು ಹಾಯಿಸಿ ಹೊರಹಾಕಿ. ಆ ನೀರು ಗಿಡಗಳಿಗೆ ಬೇಡ, ಮೋರಿಗೆ ಬಿಡಿ.

ಮಹಡಿಯ ಮೇಲಿನ ಟ್ಯಾಂಕಿಗೂ ಇದೇ ಕ್ರಮ. ಅದಕ್ಕೆ ಕೈಹಚ್ಚುವ ಮೊದಲು ಸೋಲಾರ್‌ಗೆ ಹೋಗುವ ವಾಲ್ವ್ ಮುಚ್ಚಿ, ಮನೆಮನೆಯಲ್ಲೂ ಆರ್‌ಓ ಫಿಲ್ಟರ್ ಬಂದ್ ಮಾಡಿಸಿ. ಹೆಚ್ಚಿನ ಕ್ಲೋರಿನ್ ಅದರ ಮೆಂಬ್ರೇನ್ ಕೆಡಿಸುತ್ತದೆ. ಮೀನಿನ ತೊಟ್ಟಿ ಇರುವ ಮನೆಗೆ ವಿಶೇಷವಾಗಿ ಹೇಳಿ. ಕೆಲಸ ಮುಗಿದ ಮೇಲೆ ಎಲ್ಲ ನಲ್ಲಿಗಳನ್ನೂ ಐದು ನಿಮಿಷ ಬಿಟ್ಟು ಹಳೆಯ ನೀರು ಹೋಗಲಿ.

ಸಂಪು ತುಂಬಿದ ಮೇಲೂ ಒಂದು ಲೆಕ್ಕವಿದೆ. ಉದ್ದ, ಅಗಲ, ನೀರಿನ ಆಳವನ್ನು ಅಡಿಯಲ್ಲಿ ಗುಣಿಸಿ, ಬಂದದ್ದನ್ನು 28ರಿಂದ ಗುಣಿಸಿದರೆ ಲೀಟರ್ ಸಿಗುತ್ತದೆ. 10, 8, 6 ಅಡಿಯ ಸಂಪಾದರೆ ಸುಮಾರು 13,500 ಲೀಟರ್. ಕಾವೇರಿ, ಕಬಿನಿಯಿಂದ ಬರುವ ನಲ್ಲಿ ನೀರಿಗೆ ಮೊದಲೇ ಕ್ಲೋರಿನ್ ಹಾಕಿರುತ್ತಾರೆ. ಆದರೆ ಅದೇ ಸಂಪಿಗೆ ಬೋರ್ ನೀರನ್ನೋ ಟ್ಯಾಂಕರ್ ನೀರನ್ನೋ ಬೆರೆಸಿದರೆ ಅದರ ಬಲ ಉಳಿಯುವುದಿಲ್ಲ. ಆಗ ಸಾವಿರ ಲೀಟರ್‌ಗೆ ಎರಡೂವರೆ ಗ್ರಾಂ ಪೌಡರ್ ಲೆಕ್ಕದಲ್ಲಿ, ಈ ಸಂಪಿಗೆ 34 ಗ್ರಾಂ ಪೌಡರನ್ನು ನೀರಿನಲ್ಲಿ ಕದಡಿ ತಿಳಿಯನ್ನಷ್ಟೇ ಹಾಕಿ ಅರ್ಧ ಗಂಟೆ ಕಾಯಿರಿ. ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕೆಂಬುದು ಕುಡಿಯುವ ನೀರಿನ ಭಾರತೀಯ ಮಾನದಂಡ. ಒಂದು ಸಣ್ಣ ಟೆಸ್ಟ್ ಕಿಟ್ ಕೊಂಡಿಟ್ಟರೆ ಬಣ್ಣ ನೋಡಿಯೇ ತಿಳಿಯಬಹುದು.

ಮುಚ್ಚಳಕ್ಕೆ ಬೀಗ, ಓವರ್‌ಫ್ಲೋ ಪೈಪಿನ ಬಾಯಿಗೆ ಸಣ್ಣ ಕಣ್ಣಿನ ಸೊಳ್ಳೆ ಜಾಲರಿ. ತೊಳೆದ ತಾರೀಖನ್ನು ಮೋಟಾರಿನ ಸ್ವಿಚ್‌ಬೋರ್ಡಿನ ಪಕ್ಕದಲ್ಲೇ ಪೇಂಟಿನಲ್ಲಿ ಬರೆಸಿ. ಮಿಕ್ಕ ಬ್ಲೀಚಿಂಗ್ ಪೌಡರನ್ನು ಮುಂದಿನ ಸಲಕ್ಕೆಂದು ಎತ್ತಿಡಬೇಡಿ. ಬಾಯಿ ತೆರೆದ ಪೊಟ್ಟಣ ಗಾಳಿಗೆ ಸತ್ತುಹೋಗುತ್ತದೆ, ಮೋರಿ ತೊಳೆಯಲು ಕೊಟ್ಟುಬಿಡಿ.