ಡಿಸೆಂಬರ್ ಮಳೆಯಲ್ಲಿ ಮಕ್ಕಳ ಜೊತೆ ತಡಿಯಂಡಮೋಳ್: ನನ್ನ ಅನುಭವ

ಪ್ರತಿ ಡಿಸೆಂಬರ್‌ನಲ್ಲಿ ಮನೆಯವರು, ಒಂದಿಬ್ಬರು ಗೆಳತಿಯರು ಸೇರಿ ಒಂದು ಬೆಟ್ಟ ಹತ್ತುವುದು ನಮ್ಮ ರೂಢಿ. ಆ ಹೊತ್ತಿಗೆ ಮಳೆಗಾಲದ ಕೆಸರು ಒಣಗಿರುತ್ತದೆ, ಬಿಸಿಲೂ ಹಿತವಾಗಿರುತ್ತದೆ. 2022ರಲ್ಲಿ ಮಾತ್ರ ಹಾಗಾಗಲಿಲ್ಲ. ಡಿಸೆಂಬರ್ 9ರ ರಾತ್ರಿ ಮಾಂಡೌಸ್ ಚಂಡಮಾರುತ ತಮಿಳುನಾಡಿನ ಮಾಮಲ್ಲಪುರದ ಹತ್ತಿರ ದಡ ಮುಟ್ಟಿತು. ಮರುದಿನ ನಾವು ಮೈಸೂರಿನಿಂದ ಹೊರಟಾಗಲೇ ಜಿಟಿಜಿಟಿ ಹಿಡಿದಿತ್ತು. ಹುಣಸೂರು, ಗೋಣಿಕೊಪ್ಪ, ವಿರಾಜಪೇಟೆ ದಾಟಿ ಕಕ್ಕಬ್ಬೆಯ ಹೋಮ್‌ಸ್ಟೇ ಸೇರುವಷ್ಟರಲ್ಲಿ ಸಂಜೆ. ನಾವು ಒಟ್ಟು ಎಂಟು ಜನ. ನಾನು, ನಮ್ಮ ಯಜಮಾನರು, ಹತ್ತು ವರ್ಷದ ಮಗಳು, ಅಣ್ಣ, ಅತ್ತಿಗೆ, ಅವರ ಎಂಟು ವರ್ಷದ ಮಗ, ಮತ್ತೆ ನನ್ನ ಇಬ್ಬರು ಕಾಲೇಜು ಗೆಳತಿಯರು.

ತಡಿಯಂಡಮೋಳ್ ಕೊಡಗಿನ ಅತಿ ಎತ್ತರದ ಬೆಟ್ಟ, 1,748 ಮೀಟರ್. ಅದರ ಬುಡದಲ್ಲೇ ದೊಡ್ಡವೀರರಾಜೇಂದ್ರ 1790ರ ದಶಕದಲ್ಲಿ ಕಟ್ಟಿಸಿದ ನಾಲ್ಕುನಾಡು ಅರಮನೆ ಇದೆ. ಹತ್ತಿರದಲ್ಲೇ ಪಾಡಿ ಇಗ್ಗುತ್ತಪ್ಪನ ಗುಡಿ. ಇಗ್ಗುತ್ತಪ್ಪ ಕೊಡವರಿಗೆ ಮಳೆ ಬೆಳೆ ಕೊಡುವ ದೇವರು. ಕೊಡವರ ಸುಗ್ಗಿ ಹಬ್ಬ ಹುತ್ತರಿ ಆಗಷ್ಟೇ ಮುಗಿದಿತ್ತು. ಹೋಮ್‌ಸ್ಟೇಯ ಹಿರಿಯರು ಅಂಗಳದ ತುಂಬ ಕಾಫಿ ಹಣ್ಣಿನ ಮೇಲೆ ಟಾರ್ಪಾಲು ಹೊದಿಸಿ, ಪದೇಪದೇ ಆಕಾಶ ನೋಡುತ್ತಿದ್ದರು. ಕೊಯ್ಲಿನ ಹೊತ್ತಿನಲ್ಲಿ ಬರುವ ಮಳೆ ಅವರಿಗೆ ಎಷ್ಟು ಕಷ್ಟ ಅನ್ನುವುದು ಅವರ ಮುಖದಲ್ಲೇ ಕಾಣುತ್ತಿತ್ತು.

"ನಾಳೆ ಹೋಗಬಹುದಾ?" ಅಂತ ಕೇಳಿದೆ.

"ಸಿಡಿಲಿಲ್ಲ, ಹೊಳೆಯೂ ಏರಿಲ್ಲ. ಹೋಗಿ. ಆದರೆ ಮೇಲೆ ಗಾಳಿ ಜಾಸ್ತಿ ಇದೆಯಮ್ಮಾ. ಹನ್ನೆರಡಕ್ಕೆ ಎಲ್ಲಿರುತ್ತೀರೋ ಅಲ್ಲಿಂದಲೇ ತಿರುಗಿಬಿಡಿ" ಅಂದರು. ದಾರಿ ಬಲ್ಲ ಊರಿನ ಹುಡುಗನೊಬ್ಬನನ್ನು ಜೊತೆಗೂ ಕಳಿಸಿದರು. ಮಂಜಿನಲ್ಲಿ ಹತ್ತು ಹೆಜ್ಜೆ ಮುಂದಿನದೂ ಕಾಣುವುದಿಲ್ಲ, ಹುಲ್ಲಿನಲ್ಲಿ ಕಾಲುದಾರಿಗಳು ಕವಲೊಡೆಯುತ್ತವೆ. ಮಕ್ಕಳಿದ್ದಾಗ ಜೊತೆಗೆ ಒಬ್ಬರು ಬೇಕೇ ಬೇಕು.

ರಾತ್ರಿಯೇ ಚೀಲಗಳನ್ನು ಬಿಚ್ಚಿ ಮತ್ತೆ ಕಟ್ಟಿದೆವು. ಒಬ್ಬೊಬ್ಬರಿಗೂ ಒಂದು ಜೊತೆ ಒಣ ಬಟ್ಟೆ, ಉಣ್ಣೆ ಟೋಪಿ, ಕಾಲುಚೀಲ. ಅದನ್ನೆಲ್ಲ ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಬಾಯಿ ಬಿಗಿದು, ಬ್ಯಾಗಿನ ತಳಕ್ಕೆ ಇಟ್ಟೆವು. ಬ್ಯಾಗಿನ ಮೇಲೆ ಹಾಕುವ ಕವರನ್ನು ನಂಬಬೇಡಿ. ಬೆನ್ನಿನ ಕಡೆಯಿಂದ ನೀರು ಇಳಿದೇ ಇಳಿಯುತ್ತದೆ. ಜೀನ್ಸ್ ಯಾರಿಗೂ ಬೇಡ ಅಂತ ಹಟ ಮಾಡಿದೆ. ಒದ್ದೆಯಾದರೆ ಅದು ಕಾಲಿಗೆ ಕಟ್ಟಿದ ಕಲ್ಲಿನ ಹಾಗೆ. ಎರಡು ಫ್ಲಾಸ್ಕ್ ಶುಂಠಿ ಮೆಣಸಿನ ಕಷಾಯ, ಚಪಾತಿ ಸುರುಳಿ, ಕಡಲೆ ಮಿಠಾಯಿ, ಬೆಲ್ಲ. ಜಿಗಣೆಗೆ ಉಪ್ಪು ಮತ್ತು ನಶ್ಯ. ಡಿಸೆಂಬರ್‌ನಲ್ಲಿ ಜಿಗಣೆ ಇರುವುದಿಲ್ಲ ಅಂತಾರೆ, ಆದರೆ ಎರಡು ದಿನ ಮಳೆ ಬಿದ್ದರೆ ಕಾಡಿನ ನೆರಳಲ್ಲಿ ಮತ್ತೆ ಎದ್ದುಬರುತ್ತವೆ.

ಬೆಳಿಗ್ಗೆ ಎಂಟಕ್ಕೆ ಅರಮನೆಯಿಂದ ಹೊರಟೆವು. ಮೊದಲು ತೋಟಗಳ ನಡುವೆ ಜೀಪ್ ದಾರಿ, ಅಲ್ಲಿ ಕೊಡೆಯೇ ಸಾಕಾಯಿತು. ಮಕ್ಕಳಿಬ್ಬರೂ ಓಡುತ್ತಲೇ ಇದ್ದರು. ಅಣ್ಣನ ಮಗನಂತೂ ಎಲ್ಲರಿಗಿಂತ ಮುಂದೆ, ಬಾಯಿ ತುಂಬ ಮಾತು.

ನಾನು ಗಮನಿಸದೇ ಹೋಗಿದ್ದು ಇಲ್ಲೇ. ಅವನು ರೇನ್‌ಕೋಟಿನ ಗುಂಡಿ ಪೂರ್ತಿ ಹಾಕಿಕೊಂಡಿದ್ದ. ಒಳಗೆ ಹತ್ತಿ ಬನಿಯನ್. ಏರು ಹತ್ತುವಾಗ ಮೈ ಬೆವರುತ್ತದೆ, ರೇನ್‌ಕೋಟು ಆ ಬೆವರನ್ನು ಹೊರಗೆ ಬಿಡುವುದಿಲ್ಲ. ಹೊರಗಿನ ಒಂದು ಹನಿಯೂ ತಾಗದೆ ಹುಡುಗ ಒಳಗಿನಿಂದಲೇ ತೊಯ್ದುಹೋಗಿದ್ದ. ನಡೆಯುತ್ತಿರುವಷ್ಟು ಹೊತ್ತು ಅದು ಗೊತ್ತಾಗುವುದೇ ಇಲ್ಲ. ನಿಂತ ಕೂಡಲೇ ಗೊತ್ತಾಗುತ್ತದೆ.

ಹತ್ತೂಮುಕ್ಕಾಲಿಗೆ ಕಾಡು ಮುಗಿದು ಹುಲ್ಲುಗಾವಲು ಬಂತು. ಗಾಳಿ ಒಂದೇ ಸಲ ಮುಖಕ್ಕೆ ಬಡಿಯಿತು. ಕೊಡೆ ಮಡಚಿದೆವು. ಮಳೆ ಮೇಲಿನಿಂದಲ್ಲ, ಪಕ್ಕದಿಂದ ಬರುತ್ತಿತ್ತು. ಮುಂಗಾರಿನ ಮಳೆಯಲ್ಲಿ ನಾನು ಎಷ್ಟೋ ಸಲ ನೆನೆದಿದ್ದೇನೆ, ಈ ಚಳಿ ಬೇರೆಯೇ. ಒಂದು ಕಡೆ ಫೋಟೋಗೆ ಅಂತ ಐದು ನಿಮಿಷ ನಿಂತೆವು. ಆಮೇಲೆ ಮತ್ತೆ ನಡೆಯುವಾಗ ಮಗಳು ಹಿಂದಿನಿಂದ ಬಂದು, "ಅಮ್ಮಾ, ಪುಟ್ಟ ಯಾಕೆ ಮಾತಾಡ್ತಿಲ್ಲ?" ಅಂದಳು.

ನೋಡಿದರೆ ಅಣ್ಣನ ಮಗ ತಲೆ ತಗ್ಗಿಸಿ ಸುಮ್ನೆ ನಡೆಯುತ್ತಿದ್ದ. ಹೆಸರು ಕರೆದರೆ ತಡವಾಗಿ ತಿರುಗಿದ. ತುಟಿ ನೀಲಿಗಟ್ಟಿತ್ತು. ಕಡಲೆ ಮಿಠಾಯಿ ಕೊಟ್ಟರೆ ಬೆರಳಿಗೆ ಅದರ ಕಾಗದ ಬಿಚ್ಚಲು ಆಗಲಿಲ್ಲ. ನನ್ನ ಎದೆ ಧಸಕ್ ಎಂದಿತು. ಚಳಿ ಮೈಯೊಳಗೆ ಇಳಿಯುತ್ತಿದ್ದರೆ ಮಾತು ಕಡಿಮೆಯಾಗುತ್ತದೆ, ಬೆರಳು ತಪ್ಪುತ್ತವೆ. ಮಕ್ಕಳ ಮೈ ಸಣ್ಣದು, ನಮಗಿಂತ ಬೇಗ ಬಿಸಿ ಕಳೆದುಕೊಳ್ಳುತ್ತದೆ.

ಒಂದು ಬಂಡೆಯ ಮರೆಗೆ ಹೋದೆವು. ಯಜಮಾನರು ಮತ್ತು ಗೆಳತಿಯರು ಕೊಡೆ ಬಿಚ್ಚಿ ಗಾಳಿಗೆ ಅಡ್ಡ ಹಿಡಿದರು. ಅತ್ತಿಗೆ ಅವನ ಒದ್ದೆ ಬನಿಯನ್ ತೆಗೆದು, ಮೈ ಒರೆಸಿ, ಒಣ ಅಂಗಿ, ಸ್ವೆಟರ್, ಟೋಪಿ ಹಾಕಿದರು. ಮೇಲೆ ರೇನ್‌ಕೋಟು. ಬೆಲ್ಲ ಬಾಯಿಗಿಟ್ಟು, ಕಷಾಯ ಗುಟುಕು ಗುಟುಕಾಗಿ ಕುಡಿಸಿದೆವು. ಕೈಗಳನ್ನು ಅಣ್ಣ ತನ್ನ ಕಂಕುಳಲ್ಲಿ ಇಟ್ಟುಕೊಂಡ. ಕಾಲು ಗಂಟೆ ಆದಮೇಲೆ ಹುಡುಗ "ಕಷಾಯ ಖಾರ" ಅಂದ. ಅತ್ತಿಗೆಯ ಕಣ್ಣಲ್ಲಿ ನೀರು ಬಂತು.

ಇನ್ನು ಕೊನೆಯ ಕಡಿದಾದ ಏರು ಮಾತ್ರ ಬಾಕಿ. ಅಣ್ಣನಿಗೆ ಆಸೆ ಇತ್ತು. "ನೀವು ಇಳಿಯಿರಿ, ನಾವು ಮೂವರು ಬೇಗ ಹೋಗಿ ಬರ್ತೀವಿ" ಅಂದ. ನಾನು ಬೇಡ ಅಂದೆ. ದಾರಿ ಬಲ್ಲವನು ಒಬ್ಬನೇ, ಗುಂಪು ಎರಡಾದರೆ ಒಂದು ಗುಂಪು ಮಂಜಿನಲ್ಲಿ ಅವನಿಲ್ಲದೆ ಉಳಿಯುತ್ತದೆ. ಅಣ್ಣ ಮಗನ ಮುಖ ನೋಡಿ ಚೀಲ ಹೆಗಲಿಗೇರಿಸಿದ. ಗಂಟೆ ಇನ್ನೂ ಹನ್ನೊಂದೂವರೆ ಆಗಿತ್ತು, ಆದರೂ ತಿರುಗಿದೆವು.

ಇಳಿಯುವುದು ಹತ್ತಿದ್ದಕ್ಕಿಂತ ನಿಧಾನ. ಒದ್ದೆ ಹುಲ್ಲು, ಕೆಂಪು ಮಣ್ಣು ಎರಡೂ ಜಾರುತ್ತವೆ. ಕೋಲು ಹಿಡಿದು, ಪಾದ ಸ್ವಲ್ಪ ಅಡ್ಡ ಇಟ್ಟು, ಇಬ್ಬರಿಬ್ಬರಾಗಿ ಬಂದೆವು. ಈ ಸಲ ಎಲ್ಲರ ರೇನ್‌ಕೋಟಿನ ಕುತ್ತಿಗೆ ಗುಂಡಿ ತೆರೆದಿತ್ತು. ನನ್ನ ಕಾಲಿಗೆ ನಾಲ್ಕು ಜಿಗಣೆ ಹತ್ತಿದ್ದವು.

ಹೋಮ್‌ಸ್ಟೇಯಲ್ಲಿ ಒಲೆ ಮುಂದೆ ಕೂತು ಬಿಸಿ ಕಡಂಬುಟ್ಟು (ಅಕ್ಕಿ ತರಿಯ ಕಡುಬು) ತಿಂದೆವು. ಶೂ ಒಳಗೆ ಹಳೆ ಪೇಪರ್ ತುರುಕಿ, ಎರಡೆರಡು ಗಂಟೆಗೆ ಬದಲಾಯಿಸಿದೆವು. ಶೂವನ್ನು ಬೆಂಕಿಗೆ ಹತ್ತಿರ ಇಟ್ಟರೆ ಅಂಟು ಬಿಡುತ್ತದೆ.

ಸೋಮವಾರ ಬೆಳಿಗ್ಗೆ ಮಳೆ ಸ್ವಲ್ಪ ಹೊತ್ತು ಬಿಟ್ಟಿತು. ಹಿರಿಯರು ಟಾರ್ಪಾಲು ಸರಿಸಿ ಕಾಫಿ ಹಣ್ಣಿನ ರಾಶಿಯೊಳಗೆ ಕೈ ತೂರಿಸಿ, "ಒಳಗೆ ಬಿಸಿ ಹತ್ತಿದೆ" ಅಂದರು. ಹಾಗೇ ಬಿಟ್ಟರೆ ಹಣ್ಣು ಕೆಡುತ್ತದೆ. ಅಣ್ಣನ ಮಗ ತಾನೂ ಕೈ ಹಾಕಿ ನೋಡಿದ. ಆಮೇಲೆ ನಾವು ಎಂಟೂ ಜನ ಅಂಗಳಕ್ಕಿಳಿದು, ಹನಿ ಮತ್ತೆ ಶುರುವಾಗುವವರೆಗೂ ಆ ಹಣ್ಣನ್ನು ಹರಡಿ ತಿರುವಿದೆವು.