ಶೋರೂಮ್ ಕೊಟೇಶನ್, ಸರ್ವಿಸ್ ಬಿಲ್ಲು: ಯಾವ ಸಾಲಿನಲ್ಲಿ ಏನು ನೋಡಬೇಕು

ಹೊಸ ಕಾರು ಕೊಳ್ಳುವಾಗ 'ಆನ್‌ರೋಡ್ (ತೆರಿಗೆ, ವಿಮೆ ಎಲ್ಲ ಸೇರಿ) ಎಷ್ಟಾಗುತ್ತೆ?' ಎಂದರೆ ಶೋರೂಮಿನವರು ಒಂದೇ ಅಂಕಿ ಹೇಳುತ್ತಾರೆ. ಆ ಅಂಕಿ ಹಿಡಿದು ಚೌಕಾಸಿಗಿಳಿಯಬೇಡಿ. ಒಂದೊಂದು ಬಾಬತ್ತೂ ಬಿಡಿಸಿದ ಕೊಟೇಶನ್ ಬರೆಸಿಕೊಳ್ಳಿ. ಅದೇ ವೇರಿಯಂಟ್‌ಗೆ ಇನ್ನೊಬ್ಬ ಡೀಲರ್ ಹತ್ತಿರವೂ ಒಂದು ತನ್ನಿ. ಎಕ್ಸ್‌ಶೋರೂಮ್ ದರದಲ್ಲಿ, ಅಂದರೆ ರಸ್ತೆ ತೆರಿಗೆ, ವಿಮೆ ಸೇರುವ ಮುಂಚಿನ ಬೆಲೆಯಲ್ಲಿ, ಸಾಮಾನ್ಯವಾಗಿ ವ್ಯತ್ಯಾಸವಿರದು. ಆಟವೆಲ್ಲ ಅದರ ಕೆಳಗಿನ ಸಾಲುಗಳಲ್ಲಿ.

ರಸ್ತೆ ತೆರಿಗೆಯ ಲೆಕ್ಕ ಮನೆಯಲ್ಲೇ ಹಾಕಬಹುದು. ಕರ್ನಾಟಕದಲ್ಲಿ ಪೆಟ್ರೋಲ್, ಡೀಸೆಲ್ ಕಾರಿಗೆ 5 ಲಕ್ಷದವರೆಗೆ ಶೇ 13, 10 ಲಕ್ಷದವರೆಗೆ ಶೇ 14, 20 ಲಕ್ಷದವರೆಗೆ ಶೇ 17, ಆಮೇಲೆ ಶೇ 18. ಆ ತೆರಿಗೆಯ ಮೇಲೆ ಶೇ 11 ಸೆಸ್. 8 ಲಕ್ಷದ ಕಾರಿಗೆ ತೆರಿಗೆ 1,12,000, ಸೆಸ್ 12,320, ಒಟ್ಟು 1,24,320 ರೂಪಾಯಿ. ನೋಂದಣಿಯ ಸಣ್ಣಪುಟ್ಟ ಶುಲ್ಕ ಬಿಟ್ಟರೆ ಇದಕ್ಕಿಂತ ಹೆಚ್ಚಿದ್ದದ್ದು ಯಾವುದರ ಹಣವೆಂದು ಕೇಳಿ. 10 ಲಕ್ಷ ಮೀರಿದ ಕಾರಿನ ಶೇ 1 ಟಿಸಿಎಸ್ (ಮಾರುವವರು ಮೊದಲೇ ವಸೂಲಿ ಮಾಡುವ ತೆರಿಗೆ) ಮಾತ್ರ ಖರ್ಚಲ್ಲ, ಆದಾಯ ತೆರಿಗೆ ರಿಟರ್ನ್ಸ್‌ನಲ್ಲಿ ಹೊಂದಿಸಿಕೊಳ್ಳಬಹುದು.

ಹೆಚ್ಚು ಉಳಿಯುವುದು ವಿಮೆಯಲ್ಲಿ. ಹೊಸ ಕಾರಿಗೆ 3 ವರ್ಷದ ಥರ್ಡ್ ಪಾರ್ಟಿ ವಿಮೆ (ಬೇರೆಯವರಿಗಾಗುವ ಹಾನಿಗೆ) ಕಡ್ಡಾಯ. ಅದನ್ನು ಶೋರೂಮಿನಲ್ಲೇ ಮಾಡಿಸಬೇಕೆಂಬ ನಿಯಮವಿಲ್ಲ. ಹೊರಗಿನ ಕೋಟ್ ತರುವಾಗ ಐಡಿವಿ (ಕಾರು ಕಳವಾದರೆ ವಿಮೆಯಿಂದ ಸಿಗುವ ಗರಿಷ್ಠ ಮೊತ್ತ), ಝೀರೋ ಡೆಪ್ (ಬಿಡಿಭಾಗದ ಸವಕಳಿ ಕಳೆಯದೆ ಪರಿಹಾರ ಕೊಡುವ ಸೌಲಭ್ಯ) ಎರಡೂ ಕಡೆ ಒಂದೇ ಇರಲಿ. ಐಡಿವಿ ಇಳಿಸಿ ಪ್ರೀಮಿಯಂ ಕಡಿಮೆ ತೋರಿಸುವುದು ಹಳೆಯ ಕೈಚಳಕ. 'ಹ್ಯಾಂಡ್ಲಿಂಗ್', 'ಲಾಜಿಸ್ಟಿಕ್ಸ್' ಎಂದಿದ್ದರೆ ತೆಗೆಸಿ. 'ಇಪ್ಪತ್ತು ಸಾವಿರದ ಆಕ್ಸೆಸರೀಸ್ ಫ್ರೀ' ಎಂದರೆ ಮರುಳಾಗಬೇಡಿ: ಮ್ಯಾಟು, ಸೀಟ್ ಕವರಿಗೆ ಬೆಲೆ ಕಟ್ಟುವವರು ಅವರೇ. ರಿಯಾಯಿತಿಯನ್ನು ಇನ್‌ವಾಯ್ಸ್‌ನಲ್ಲೇ ಕಳೆಯಿಸಿ, ಆಗ ಹಣವಾಗಿ ಸಿಗುತ್ತದೆ. ಬುಕಿಂಗ್ ಹಣ ಡೀಲರ್ ಖಾತೆಗೆ ಮಾತ್ರ ಹಾಕಿ, ಸೇಲ್ಸ್ ಹುಡುಗನ ಫೋನ್‌ಪೇಗಲ್ಲ.

ಪೂರ್ತಿ ಹಣ ಕಟ್ಟುವ ಮುಂಚೆ, ನೋಂದಣಿಗೂ ಮುಂಚೆ, ಚಾಸಿ ನಂಬರ್ ಪಡೆದು ಅದೇ ಕಾರನ್ನು ಯಾರ್ಡ್‌ನಲ್ಲಿ ನೋಡಿ. ಒಮ್ಮೆ ನಿಮ್ಮ ಹೆಸರಿಗೆ ನೋಂದಣಿಯಾದರೆ 'ಬೇಡ' ಎನ್ನುವುದು ಕಷ್ಟ. ಟೈರಿನ ಪಕ್ಕದಲ್ಲಿ 'DOT' ಎಂದು ಶುರುವಾಗುವ ಸಂಕೇತದ ಕೊನೆಯ ನಾಲ್ಕು ಅಂಕಿ ಓದಿ: 1225 ಎಂದರೆ 2025ರ 12ನೇ ವಾರದ ಟೈರು. ಕಾರು ತಯಾರಾದ ತಿಂಗಳು, ವರ್ಷ ಡೀಲರ್ ಕೊಡುವ ಮಾರಾಟ ಪತ್ರ, ಫಾರ್ಮ್ 21ರಲ್ಲಿರುತ್ತದೆ. ಕಳೆದ ವರ್ಷದ ಸ್ಟಾಕ್ ಆದರೆ ಮಾರುವಾಗ ಬೆಲೆ ಬೀಳುತ್ತದೆ, ಆ ನಷ್ಟಕ್ಕೆ ತಕ್ಕ ರಿಯಾಯಿತಿ ಈಗಲೇ ಕೇಳಿ.

ಇನ್ನು ಬಿಡಿಭಾಗ. ಪ್ಯಾಕಿನ ಮೇಲಿನ ಎಂಆರ್‌ಪಿಯಲ್ಲಿ ಜಿಎಸ್‌ಟಿ ಸೇರಿಯೇ ಇರುತ್ತದೆ. ಎಂಆರ್‌ಪಿ 590 ಇರುವ ಫಿಲ್ಟರ್ ಬಿಲ್ಲಿನಲ್ಲಿ 500, ಶೇ 18 ತೆರಿಗೆ 90 ಎಂದು ಬರಬೇಕು. 590ರ ಮೇಲೆ ಮತ್ತೆ ತೆರಿಗೆ ಹಾಕಿದ್ದರೆ 106 ರೂಪಾಯಿ ಜಾಸ್ತಿ ವಸೂಲಾಗಿದೆ. ಪಾರ್ಟ್ ನಂಬರ್ ಬರೆದುಕೊಂಡರೆ ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ದರ ವಿಚಾರಿಸಬಹುದು. ಕಾರು ಕಂಪನಿಗೆ ಪೂರೈಸುವವರದೇ ಫಿಲ್ಟರ್, ಬ್ರೇಕ್ ಪ್ಯಾಡ್ ಅವರ ಸ್ವಂತ ಡಬ್ಬಿಯಲ್ಲಿ ಎಷ್ಟೋ ಸಲ ಅಗ್ಗ. ಏರ್‌ಬ್ಯಾಗ್, ಸೆನ್ಸರ್‌ಗಳಿಗೆ ಮಾತ್ರ ಜಿಪುಣತನ ಬೇಡ.

ಸರ್ವಿಸ್‌ಗೆ ಬಿಡುವಾಗ ಜಾಬ್ ಕಾರ್ಡ್‌ಗೆ (ಮಾಡಬೇಕಾದ ಕೆಲಸಗಳ ಪಟ್ಟಿಗೆ) ಸಹಿ ಹಾಕುವ ಮುನ್ನ ಎಂಜಿನ್ ಫ್ಲಶ್, ಇಂಜೆಕ್ಟರ್ ಕ್ಲೀನರ್, ಎಸಿ ಡಿಸ್‌ಇನ್ಫೆಕ್ಷನ್ ಇವೆಯೇ ನೋಡಿ. ಮ್ಯಾನುಯಲ್‌ನ ಪಟ್ಟಿಯಲ್ಲಿಲ್ಲದಿದ್ದರೆ ಹೊಡೆದು ಹಾಕಿಸಿ. ಆಯಿಲ್ ಎಷ್ಟು ಲೀಟರ್ ಹಿಡಿಯುತ್ತದೆಂಬುದೂ ಅಲ್ಲೇ ಇದೆ, ಬಿಲ್ಲಿನ ಲೀಟರಿಗೆ ತಾಳೆ ಹಾಕಿ. 'ಬದಲಿಸಿದ ಹಳೆಯ ಭಾಗ ವಾಪಸ್ ಬೇಕು' ಎಂದು ಜಾಬ್ ಕಾರ್ಡ್‌ನಲ್ಲೇ ಬರೆಸಿ. ಬಿಲ್ ಕಟ್ಟುವ ಮೊದಲು ಅವು ಡಿಕ್ಕಿಯಲ್ಲಿವೆಯೇ ಎಂದು ನೋಡಿಕೊಳ್ಳಿ.