ಹಳೆ ಇಟಾಲಿಯನ್ ಸ್ಯಾಕ್ಸೋಫೋನ್: ಕೊಳ್ಳುವ ಮುಂಚೆ ಏನೇನು ನೋಡಬೇಕು?

ಹಳೆ ಸ್ಯಾಕ್ಸೋಫೋನ್ ಹುಡುಕುವವರು ಮೊದಲು ಕೇಳುವುದು ‘ಸೀರಿಯಲ್ ನಂಬರ್ ಎಷ್ಟು?’ ಅಂತ. ಪ್ಯಾರಿಸ್ಸಿನ ಸೆಲ್ಮರ್ ಅಥವಾ ಅಮೆರಿಕದ ಕಾನ್ ಆದರೆ ಆ ಪ್ರಶ್ನೆ ಸರಿ. ನಂಬರ್ ಹಿಡಿದು ಪಟ್ಟಿ ನೋಡಿದರೆ ತಯಾರಾದ ವರ್ಷ ಹೆಚ್ಚುಕಡಿಮೆ ಸಿಗುತ್ತದೆ. ಇಟಲಿಯ ಹಳೆ ವಾದ್ಯಗಳಿಗೆ ಅಂಥ ನಂಬಿಕೆಯ ಪಟ್ಟಿ ಸಿಗುವುದು ಅಪರೂಪ. ಹಾಗಾಗಿ ಕೊಳ್ಳುವವರಿಗೆ ಅಳುಕು. ಬೆಲೆಯೂ ಎಷ್ಟೋ ಸಲ ವಾದ್ಯದ ಯೋಗ್ಯತೆಗಿಂತ ಕಡಿಮೆ ಇರುತ್ತದೆ. ತಾಳ್ಮೆಯಿಂದ ನೋಡಲು, ಕೇಳಲು ಗೊತ್ತಿದ್ದವರಿಗೆ ಇದರಿಂದ ಲಾಭವೇ.

ನಮ್ಮ ಕರಾವಳಿಗೆ ಈ ವಾದ್ಯ ಹೊಸದೇನಲ್ಲ. ಕದ್ರಿ ಗೋಪಾಲನಾಥರು ಇದರಲ್ಲಿ ಕರ್ನಾಟಕ ಸಂಗೀತ ನುಡಿಸಿ 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್ ಸಂಗೀತೋತ್ಸವದ ವೇದಿಕೆಯವರೆಗೂ ಹೋದರು. ಮಂಗಳೂರು, ಉಡುಪಿ ಕಡೆ ದೇವಸ್ಥಾನದ ಉತ್ಸವಕ್ಕೂ ಮದುವೆಗೂ ಸ್ಯಾಕ್ಸೋಫೋನ್ ಬೇಕೇ ಬೇಕು. ಕಲಿಯುವ ಹುಡುಗರು ಒಳ್ಳೆಯ ಹೊಸ ವಾದ್ಯದ ಬೆಲೆ ಕೇಳಿ ಸುಮ್ನಾಗುವುದನ್ನು ನೋಡಿದ್ದೇನೆ. ಅವರಿಗೆ ಈ ಬರಹ ಉಪಯೋಗಕ್ಕೆ ಬಂದರೆ ನನಗೆ ಸಂತೋಷ.

ಮೊದಲು ಊರು ತಿಳಿಯಿರಿ

ಇಟಲಿಯ ಸ್ಯಾಕ್ಸೋಫೋನ್ ಅಂದರೆ ಮುಖ್ಯವಾಗಿ ಮೂರು ಜಾಗ ನೆನಪಿಡಿ. ಒಂದು ಮಿಲಾನ್. ರೋಮೆಯೊ ಓರ್ಸಿ ಎಂಬ ಹೆಸರು ಅಲ್ಲಿಯದು. ಆತ ಸ್ವತಃ ದೊಡ್ಡ ಕ್ಲಾರಿನೆಟ್ ವಾದಕ. ಇನ್ನೊಂದು ಮಾರ್ಕೆ ಪ್ರಾಂತ್ಯದ ಮಾಚೆರಾತ. ಬೊರ್ಗಾನಿ ಮನೆತನ 1872ರಿಂದ ಅಲ್ಲಿ ವಾದ್ಯ ಮಾಡುತ್ತ ಬಂದಿದೆ.

ಮೂರನೆಯದು ನನಗೆ ತುಂಬಾ ಇಷ್ಟವಾದದ್ದು. ಉತ್ತರದ ಪಿಯೆಮೊಂತೆಯಲ್ಲಿ ಓರ್ತಾ ಸರೋವರದ ಮೇಲಿನ ಬೆಟ್ಟದಲ್ಲಿ ಕ್ವಾರ್ನಾ ಸೊತ್ತೊ ಎಂಬ ಪುಟ್ಟ ಹಳ್ಳಿ ಇದೆ. ಈ ಹಳ್ಳಿಯವರು ಊದುವ ವಾದ್ಯ ಮಾಡುವುದನ್ನೇ ಕಸುಬು ಮಾಡಿಕೊಂಡರು. ರಂಪೋನೆ ಎ ಕಾತ್ಸಾನಿ ಕಂಪನಿ ಅಲ್ಲಿಯದೇ. ಹಳ್ಳಿಯಲ್ಲಿ ಊದುವ ವಾದ್ಯಗಳ ಒಂದು ಮ್ಯೂಸಿಯಂ ಇದೆ. ಬೆಟ್ಟದ ಕೆಳಗೆ ಒಮೆಞ್ಞಾ ಪಟ್ಟಣ. ಮೋಕಾ ಕಾಫಿ ಪಾತ್ರೆಗೆ ಹೆಸರಾದ ಬಿಯಾಲೆತ್ತಿ ಕಂಪನಿ ಹುಟ್ಟಿದ್ದು ಅಲ್ಲಿಯ ಕ್ರುಸಿನಾಲ್ಲೊದಲ್ಲಿ. ಇಡೀ ಸೀಮೆಯ ಕೈಗೆ ಲೋಹದ ಕೆಲಸ ಒಗ್ಗಿದೆ.

ಎರಡನೇ ಮಹಾಯುದ್ಧದ ನಂತರದ ವಾದ್ಯಗಳಲ್ಲಿ ಗ್ರಾಸ್ಸಿ ಎಂಬ ಹೆಸರು ಜಾಸ್ತಿ ಕಾಣುತ್ತದೆ. ಅದರಲ್ಲಿ ‘ಪ್ರೆಸ್ಟೀಜ್’, ‘ಪ್ರೊಫೆಷನಲ್ 2000’ ಎಂದು ಕೆತ್ತಿದ್ದರೆ ಎರಡು ಸಲ ನೋಡಿ.

ಬೆಲ್ ಮೇಲಿನ ಕೆತ್ತನೆ ಓದಿ

ಬೆಲ್ ಎಂದರೆ ವಾದ್ಯದ ಅಗಲವಾದ ಬಾಯಿ. ಅದರ ಮೇಲಿನ ಕೆತ್ತನೆ ಇಟಾಲಿಯನ್ ಭಾಷೆಯಲ್ಲಿ ಇರುತ್ತದೆ. ನಾಲ್ಕಾರು ಪದ ಗೊತ್ತಿದ್ದರೆ ಸಾಕು. ‘ದಿತ್ತಾ’ ಎಂದರೆ ಸಂಸ್ಥೆ. ‘ಫ್ರಾತೆಲ್ಲಿ’ ಎಂದರೆ ಸಹೋದರರು, ‘ಫಿಲ್ಯಿ’ ಎಂದರೆ ಮಕ್ಕಳು. ‘ಬ್ರೆವೆತ್ತಾತೊ’ ಎಂದರೆ ಪೇಟೆಂಟ್ ಪಡೆದದ್ದು. ‘ಪ್ರೆಮಿಯಾತಾ’ ಇದ್ದರೆ ಕಾರ್ಖಾನೆಗೆ ಯಾವುದೋ ಪ್ರದರ್ಶನದಲ್ಲಿ ಬಹುಮಾನ ಬಂದಿದೆ ಎಂದು ಹೇಳಿಕೊಳ್ಳುತ್ತಿದ್ದಾರೆ. ವಾದ್ಯದ ಬೆಲೆಗೂ ಆ ಬಹುಮಾನಕ್ಕೂ ಸಂಬಂಧವಿಲ್ಲ.

ಶ್ರುತಿಯ ಗುರುತನ್ನು ತಪ್ಪದೇ ಹುಡುಕಿ. ಇಟಲಿಯವರು ಸ್ವರಗಳನ್ನು ದೊ, ರೆ, ಮಿ ಎಂದು ಹೇಳುತ್ತಾರೆ. ‘ಮಿ ಬೆಮೊಲ್ಲೆ’ ಎಂದರೆ ಇ ಫ್ಲಾಟ್, ಅಂದರೆ ಆಲ್ಟೊ ಅಥವಾ ಬ್ಯಾರಿಟೋನ್ ಗಾತ್ರದ ಸ್ಯಾಕ್ಸೋಫೋನ್. ‘ಸಿ ಬೆಮೊಲ್ಲೆ’ ಎಂದರೆ ಬಿ ಫ್ಲಾಟ್, ಅಂದರೆ ಸೊಪ್ರಾನೊ ಅಥವಾ ಟೆನರ್. ಬರೀ ‘ದೊ’ ಎಂದಿದ್ದರೆ ಹುಷಾರು. ನೋಡಲು ಪುಟ್ಟ ಟೆನರ್ ತರಹ ಇದ್ದರೂ ಅದು ಸಿ ಸ್ಯಾಕ್ಸೋಫೋನ್ ಆಗಿರಬಹುದು. ಗೊತ್ತಿಲ್ಲದ ಮಾರಾಟಗಾರರು ಅದನ್ನು ಟೆನರ್ ಎಂದೇ ಮಾರುತ್ತಾರೆ.

ಬೆಲ್ ಮೇಲೆ ಇಟಲಿಗೆ ಸಂಬಂಧವೇ ಇಲ್ಲದ ಹೆಸರಿದ್ದು, ಹಿಂಭಾಗದಲ್ಲಿ ‘ಮೇಡ್ ಇನ್ ಇಟಲಿ’ ಎಂಬ ಮುದ್ರೆ ಇರುವುದೂ ಉಂಟು. ಇವನ್ನು ಸ್ಟೆನ್ಸಿಲ್ ಎನ್ನುತ್ತಾರೆ. ಕಾರ್ಖಾನೆ ಮಾಡಿಕೊಟ್ಟದ್ದಕ್ಕೆ ಅಂಗಡಿಯವರು ತಮ್ಮ ಹೆಸರು ಹಾಕಿಸಿ ಮಾರುತ್ತಿದ್ದರು. ಸ್ಟೆನ್ಸಿಲ್ ಎಂದ ಮಾತ್ರಕ್ಕೆ ತಳ್ಳಿಹಾಕಬೇಡಿ. ಹೆಸರು ಗೊತ್ತಿರುವ ಒಂದು ವಾದ್ಯದ ಫೋಟೊ ಪಕ್ಕದಲ್ಲಿಟ್ಟು ಕೀಗಳ ಗಾರ್ಡ್, ಬೆಲ್ಲನ್ನೂ ಮೈಯನ್ನೂ ಹಿಡಿದಿರುವ ಬ್ರೇಸ್, ಕಿರುಬೆರಳಿನ ಕೀಗಳ ಆಕಾರ ಹೋಲಿಸಿ. ಹೆಸರು ಬದಲಾದರೂ ಅಚ್ಚು ಅದೇ ಇರುತ್ತದೆ.

ವಯಸ್ಸನ್ನು ಕೀಗಳಲ್ಲಿ ಹುಡುಕಿ

ಇಲ್ಲಿ ಒಂದು ನಿಯಮ ಗಟ್ಟಿಯಾಗಿ ಹಿಡಿದುಕೊಳ್ಳಿ. ಹೊಸ ಕಾಲದ ಲಕ್ಷಣ ಕಂಡರೆ ವಾದ್ಯ ಅದಕ್ಕಿಂತ ಹಳೆಯದಲ್ಲ ಎಂದು ಹೇಳಬಹುದು. ಹಳೆ ಲಕ್ಷಣ ಕಂಡರೆ ವಾದ್ಯ ಹಳೆಯದು ಎಂದು ಹೇಳಲಾಗದು. ಯಾಕೆಂದರೆ ಊರ ಬ್ಯಾಂಡಿನವರಿಗೆ ಅಗ್ಗದ ವಾದ್ಯ ಮಾಡುವವರು ಹಳೆ ಮಾದರಿಯನ್ನೇ ಬಹಳ ಕಾಲ ಮುಂದುವರಿಸಿದರು.

ಬೆಲ್ ಮೇಲೆ ಎರಡು ದೊಡ್ಡ ಮುಚ್ಚಳಗಳಿವೆ ಅಲ್ವಾ? ಕೆಳಗಿನ ಬಿ ಮತ್ತು ಬಿ ಫ್ಲಾಟ್ ಸ್ವರಗಳವು. ಒಂದು ಎಡಕ್ಕೆ, ಒಂದು ಬಲಕ್ಕೆ ಇದ್ದರೆ ಅಥವಾ ಎರಡೂ ಎಡಕ್ಕಿದ್ದರೆ ಅದು ಹಳೆ ವಿನ್ಯಾಸ. ಎರಡೂ ಬಲಕ್ಕಿದ್ದರೆ 1936ರಲ್ಲಿ ಬಂದ ಸೆಲ್ಮರ್ ಬ್ಯಾಲೆನ್ಸ್ಡ್ ಆಕ್ಷನ್ ನೋಡಿ ಕಲಿತದ್ದು ಎನ್ನಬಹುದು. ಅಂದರೆ ಅಂಥ ವಾದ್ಯವನ್ನು ಯಾರಾದರೂ ‘1920ರದ್ದು’ ಎಂದರೆ ನಂಬಬೇಡಿ.

ಹೆಬ್ಬೆರಳಿಗೆ, ಸ್ಥಾಯಿ ಬದಲಿಸುವ ಆಕ್ಟೇವ್ ಕೀ ಒಂದರ ಬದಲು ಎರಡು ಇದ್ದರೆ ಅದು ಇನ್ನೂ ಹಿಂದಿನ ಪದ್ಧತಿ. ಮ್ಯೂಸಿಯಂಗೆ ಚೆಂದ, ದಿನಾ ನುಡಿಸಲು ಕಷ್ಟ.

ಎಡಗೈ ಕಿರುಬೆರಳಿನ ಕೀಗಳನ್ನು ಒತ್ತಿ ನೋಡಿ. ಹಳೆಯದರಲ್ಲಿ ಅವು ಬಿಗಿ. ವೇಗವಾಗಿ ನುಡಿಸುವವರು ಇದನ್ನು ಮೊದಲೇ ಯೋಚಿಸಬೇಕು. ಸ್ಪ್ರಿಂಗ್ ಸಡಿಲ ಮಾಡಿ ಸ್ವಲ್ಪ ಸರಿಮಾಡಬಹುದು, ಪೂರ್ತಿ ಅಲ್ಲ.

ಮೈಬಣ್ಣ

ಬೆಳ್ಳಿ ಲೇಪ ಕಪ್ಪಾಗುತ್ತದೆ. ನಿಕಲ್ ಕಪ್ಪಾಗುವುದಿಲ್ಲ, ಮಂಜು ಕವಿದ ಹಾಗೆ ಮಂಕಾಗುತ್ತದೆ. ನಿಕಲ್ಲನ್ನು ಬೆಳ್ಳಿ ಎಂದು ಮಾರುವವರಿದ್ದಾರೆ. ಬೆಳಕಿಗೆ ಹಿಡಿದರೆ ವ್ಯತ್ಯಾಸ ಕಾಣುತ್ತದೆ. ಬೆಳ್ಳಿಯ ಬಿಳುಪಿನಲ್ಲಿ ಒಂದು ಬಗೆಯ ಬೆಚ್ಚಗಿನ ಛಾಯೆ ಇರುತ್ತದೆ, ನಿಕಲ್ ತಣ್ಣಗೆ ಹೊಳೆಯುತ್ತದೆ.

ಲ್ಯಾಕರ್ (ಹಿತ್ತಾಳೆಗೆ ಹೊಡೆಯುವ ಹೊಳಪಿನ ಲೇಪ) ಹೊಸದರಂತೆ ಹೊಳೆಯುತ್ತಿದ್ದು ಕೆತ್ತನೆ ಮಾತ್ರ ಸವೆದಿದ್ದರೆ ಯಾರೋ ಉಜ್ಜಿ ಮತ್ತೆ ಲ್ಯಾಕರ್ ಹೊಡೆದಿದ್ದಾರೆ ಎಂದೇ ತಿಳಿಯಿರಿ. ಉಜ್ಜುವಾಗ ಹಿತ್ತಾಳೆಯೂ ಹೋಗಿರುತ್ತದೆ. ಲ್ಯಾಕರ್ ಅರ್ಧ ಎದ್ದುಹೋದ, ಮುಟ್ಟದೇ ಬಿಟ್ಟ ವಾದ್ಯವನ್ನೇ ನಾನು ಆರಿಸುತ್ತೇನೆ. ಗುಲಾಬಿ ಬಣ್ಣದ ಚುಕ್ಕೆಗಳಿದ್ದರೆ ಹತ್ತಿರದಿಂದ ನೋಡಿ. ಅಲ್ಲಿ ಹಿತ್ತಾಳೆಯೊಳಗಿನ ಸತು ಹೋಗಿ ತಾಮ್ರ ಮಾತ್ರ ಉಳಿದಿರುತ್ತದೆ. ಒಂದೆರಡು ಚುಕ್ಕೆ ಪರವಾಗಿಲ್ಲ. ನೆಕ್ (ಬಾಯಿಗಿಟ್ಟು ಊದುವ ಮೌತ್‌ಪೀಸ್ ಸಿಕ್ಕಿಸುವ ಬಾಗಿದ ಕೊಳವೆ) ಪೂರ್ತಿ ಚುಕ್ಕೆಗಳಿದ್ದರೆ ಬೇಡ.

ನೆಗ್ಗು, ಬಾಗು, ಮತ್ತು ನೆಕ್

ಬಡಗಿ ರೀಪಿನ ನೇರ ನೋಡುತ್ತಾನಲ್ಲ, ಹಾಗೆ ಒಂದು ಕಣ್ಣು ಮುಚ್ಚಿ ಮೈಯುದ್ದಕ್ಕೂ ನೋಡಿ. ಕೀಗಳನ್ನು ಹಿಡಿದಿರುವ ಉದ್ದದ ರಾಡ್‌ಗಳು ನೇರ ಇವೆಯೇ? ಬೆಲ್ ನಡುವಿಗೆ ಸರಿಯಾಗಿದೆಯೇ? ಬೆಲ್‌ನ ಬ್ರೇಸ್ ಮೈಗೆ ಸೇರುವ ಕಡೆ ತಗ್ಗಾಗಿದ್ದರೆ ವಾದ್ಯ ಒಮ್ಮೆ ಬಿದ್ದಿದೆ. ಬೆಲ್ ಅಂಚಿನ ಸಣ್ಣ ನೆಗ್ಗಿಗೆ ಹೆದರಬೇಡಿ. ಸ್ವರರಂಧ್ರದ ಪಕ್ಕದ ನೆಗ್ಗಿಗೆ ಹೆದರಿ. ರಂಧ್ರದ ಬಾಯಿ ಸಮ ಇಲ್ಲದಿದ್ದರೆ ಎಂಥ ಹೊಸ ಪ್ಯಾಡ್ (ರಂಧ್ರ ಮುಚ್ಚುವ ಮೆತ್ತೆ) ಹಾಕಿದರೂ ಗಾಳಿ ಸೋರುತ್ತದೆ.

ನೆಕ್ಕನ್ನು ಪಕ್ಕದಿಂದ ನೋಡಿ. ಬಿಲ್ಲಿನ ಹಾಗೆ ಒಂದೇ ಸಮನೆ ಬಾಗಿರಬೇಕು. ಮೇಲೆ ಚಪ್ಪಟೆಯಾಗಿ ಕೊಳವೆ ಮೊಟ್ಟೆಯಾಕಾರಕ್ಕೆ ತಿರುಗಿದ್ದರೆ ಯಾರೋ ಬಲವಾಗಿ ಒತ್ತಿದ್ದಾರೆ. ಪಳಗಿದ ರಿಪೇರಿಯವರು ಇದನ್ನು ಎತ್ತಬಲ್ಲರು.

ವಾದ್ಯಕ್ಕೆ ತನ್ನದಲ್ಲದ ನೆಕ್ ಇದ್ದರೆ ಯಾರೂ ಸರಿಮಾಡಲಾರರು. ನಾನು ಹಿಂದೊಮ್ಮೆ ಕೊಂಡ ಟೆನರ್ ಹಾಗೇ ಆಯಿತು. ‘ಎಲ್ಲಾ ಮೂಲದ್ದೇ’ ಎಂದಿದ್ದರು. ಮನೆಗೆ ತಂದು ಊದಿದರೆ ಮೇಲಿನ ಸ್ವರಗಳೆಲ್ಲ ದಾರಿ ತಪ್ಪಿದ್ದವು. ನೆಕ್ ಬೇರೆ ಯಾವುದೋ ವಾದ್ಯದ್ದು. ಆಮೇಲೆ ಎಷ್ಟು ಹುಡುಕಿದರೂ ಸರಿಯಾದದ್ದು ಸಿಗಲಿಲ್ಲ. ಆದ್ದರಿಂದ ನೆಕ್ ಮೇಲೂ ನಂಬರ್ ಇದ್ದರೆ ಮೈಮೇಲಿನ ನಂಬರಿಗೆ ಹೊಂದುತ್ತದೆಯೇ ನೋಡಿ. ನಂಬರ್ ಇಲ್ಲದಿದ್ದರೆ ಲೇಪದ ಬಣ್ಣ, ಸವೆತ ಎರಡೂ ಮೈಯ ಹಾಗೇ ಇವೆಯೇ ನೋಡಿ.

ಗಾಳಿ ಸೋರುತ್ತಿದೆಯೇ?

ದೀಪಾವಳಿಗೆ ಹಾಕುವ ಎಲ್‌ಇಡಿ ಸೀರಿಯಲ್ ಲೈಟ್ ಸಾಕು. ನೆಕ್ ತೆಗೆದು ಬಲ್ಬಿನ ಸರವನ್ನು ಮೈಯೊಳಗೆ ಇಳಿಸಿ, ಕೋಣೆ ಕತ್ತಲೆ ಮಾಡಿ. ಒಂದೊಂದೇ ಕೀ ಹಗುರಾಗಿ ಮುಚ್ಚಿ. ಪ್ಯಾಡ್ ಸುತ್ತ ಬೆಳಕಿನ ಗೆರೆ ಕಂಡರೆ ಅಲ್ಲಿ ಸೋರಿಕೆ. ಒತ್ತಿ ಹಿಡಿದು ಬೆಳಕು ಮುಚ್ಚಿಸಿದರೆ ನಿಮಗೆ ನೀವೇ ಮೋಸ ಮಾಡಿಕೊಂಡಂತೆ.

ಕೀಗಳನ್ನು ಅತ್ತಿತ್ತ ಅಲುಗಾಡಿಸಿ. ರಾಡ್ ಮೇಲೆ ಜಾರಿ ಕಟಕಟ ಎಂದರೆ ಸವೆದಿದೆ. ಇದನ್ನು ಸರಿಮಾಡುವುದು ಪ್ಯಾಡ್ ಬದಲಿಸುವುದಕ್ಕಿಂತ ನಾಜೂಕಿನ ಕೆಲಸ.

ಶ್ರುತಿ

1884ರಲ್ಲಿ ಇಟಲಿಯ ಯುದ್ಧ ಸಚಿವಾಲಯ ಸೇನೆಯ ಬ್ಯಾಂಡ್‌ಗಳಿಗೆ ಎ ಸ್ವರ 432 ಹರ್ಟ್ಜ್ ಇರಬೇಕೆಂದು ಆದೇಶಿಸಿತು. ಮರುವರ್ಷ ವಿಯೆನ್ನಾ ಸಮಾವೇಶ 435 ಎಂದಿತು. ಇಂದಿನ 440ಕ್ಕೆ ಅಂತರರಾಷ್ಟ್ರೀಯ ಒಪ್ಪಿಗೆ ಬಂದದ್ದು 1939ರಲ್ಲಿ, ಲಂಡನ್ನಿನಲ್ಲಿ. ಹಾಗಾಗಿ ಯುದ್ಧಕ್ಕಿಂತ ಹಿಂದಿನ ಇಟಾಲಿಯನ್ ವಾದ್ಯ ತುಸು ಕೆಳಗಿನ ಶ್ರುತಿಯಲ್ಲಿದ್ದರೆ ಆಶ್ಚರ್ಯವಿಲ್ಲ. 435ರ ವಾದ್ಯ ಇಂದಿನದಕ್ಕಿಂತ ಸುಮಾರು 20 ಸೆಂಟ್ ಕೆಳಗೆ, 432ರದ್ದು ಸುಮಾರು 32 ಸೆಂಟ್ ಕೆಳಗೆ. 100 ಸೆಂಟ್ ಸೇರಿದರೆ ಒಂದು ಅರ್ಧ ಸ್ವರ.

ಮೌತ್‌ಪೀಸ್ ಒಳಗೆ ತಳ್ಳಿದರೆ ಶ್ರುತಿ ಏರುತ್ತದೆ. ಆದರೆ ಹೆಚ್ಚು ತಳ್ಳಿದರೆ ಮೇಲಿನ ಸ್ವರಗಳು ಕೆಳಗಿನವಕ್ಕಿಂತ ಜಾಸ್ತಿ ಏರಿ ಒಟ್ಟು ಹೊಂದಾಣಿಕೆಯೇ ಕೆಡುತ್ತದೆ. ಟ್ಯೂನರ್ ಇಟ್ಟು ಒಂದೇ ಸ್ವರವನ್ನು ಎರಡು ಸ್ಥಾಯಿಗಳಲ್ಲಿ ಊದಿ ನೋಡಿ. ಎರಡೂ ಒಂದೇ ಅಳತೆಯಲ್ಲಿ ಕೆಳಗಿದ್ದರೆ ಅದು ಹಳೆ ಶ್ರುತಿ. ಬೇರೆ ಬೇರೆ ಇದ್ದರೆ ದೋಷ ವಾದ್ಯದಲ್ಲಿ ಇರಬಹುದು, ಮೌತ್‌ಪೀಸಿನಲ್ಲೂ ಇರಬಹುದು. ಮೌತ್‌ಪೀಸ್ ಬದಲಿಸಿ ಇನ್ನೊಮ್ಮೆ ಊದದೇ ತೀರ್ಮಾನ ಮಾಡಬೇಡಿ. ಕೀಬೋರ್ಡ್ ಜೊತೆ ನುಡಿಸುವವರಿಗೆ ಹಳೆ ಶ್ರುತಿ ತೊಂದರೆ. ಎಲೆಕ್ಟ್ರಾನಿಕ್ ತಂಬೂರದ ಶ್ರುತಿಯನ್ನು ಬೇಕಾದಂತೆ ತಿರುಗಿಸಿಕೊಂಡು ಒಬ್ಬರೇ ನುಡಿಸುವವರಿಗೆ ಅಷ್ಟೇನಿಲ್ಲ.

ಬೆಲೆ ಕಟ್ಟುವಾಗ

ಮಾರುವವರು ಹೇಳಿದ ಬೆಲೆಗೆ ರಿಪೇರಿ ಖರ್ಚು ಸೇರಿಸಿ ನೋಡಿ. ಒಂದು ಆಲ್ಟೊದಲ್ಲಿ ಇಪ್ಪತ್ತಕ್ಕೂ ಹೆಚ್ಚು ಪ್ಯಾಡ್‌ಗಳಿವೆ. ಎಲ್ಲವನ್ನೂ ಬದಲಿಸುವ ಖರ್ಚು ಕೆಲವೊಮ್ಮೆ ವಾದ್ಯದ ಬೆಲೆಯನ್ನೂ ಮೀರುತ್ತದೆ. ಮೈ ಗಟ್ಟಿ, ನೆಕ್ ಮೂಲದ್ದು, ಕೀಗಳು ಸವೆದು ಅಲುಗಾಡದಂತೆ ಇದ್ದರೆ ಆ ಖರ್ಚು ಮಾಡಿ. ಒಂದು ಕೀ ಕಾಣೆಯಾಗಿದ್ದರೂ ಬಿಟ್ಟುಬಿಡಿ. ಇವುಗಳ ಬಿಡಿಭಾಗ ಅಂಗಡಿಯಲ್ಲಿ ಸಿಗುವುದಿಲ್ಲ, ಕೈಯಲ್ಲೇ ಮಾಡಿಸಬೇಕು.

ವಾದ್ಯವನ್ನು ದೂರದಿಂದ ತರಿಸುವುದಾದರೆ ಪ್ಯಾಕಿಂಗ್ ಹೇಗಿರಬೇಕೆಂದು ಮೊದಲೇ ಬರೆದು ತಿಳಿಸಿ. ಮೌತ್‌ಪೀಸ್, ನೆಕ್ ಎರಡನ್ನೂ ಬಟ್ಟೆಯಲ್ಲಿ ಸುತ್ತಿ ಬೇರೆ ಇಡಲಿ. ತೆರೆದಿರುವ ಕೀಗಳು ಅಲುಗದಂತೆ ಕಾರ್ಕ್ ತುಂಡು ಸಿಕ್ಕಿಸಲಿ. ಪೆಟ್ಟಿಗೆಯೊಳಗೆ ವಾದ್ಯ ಅಲುಗದಂತೆ ಸುತ್ತ ಬಟ್ಟೆ ತುಂಬಲಿ. ಕೈಗೆ ಬಂದ ದಿನವೇ ಬಿಚ್ಚಿ, ಮೇಲೆ ಹೇಳಿದಂತೆ ಒಂದು ಕಣ್ಣು ಮುಚ್ಚಿ ರಾಡ್‌ಗಳ ನೇರ ಇನ್ನೊಮ್ಮೆ ನೋಡಿ.